ಊರಿಗೆಲ್ಲ ಅಪೆಂಡಿಕ್ಸ್

ನನಗೆ ಹದಿನಾರು ನಡೆಯುತ್ತಿದ್ದಾಗ ಎಡಗಡೆಯ ಅಂಡಾಶಯದಲ್ಲಿ ನೀರಿನ ಗಂಟು ಬೆಳೆಯಿತು. ಜಮಖಂಡಿಯ ಡಾಕ್ಟರು ಸ್ಕ್ಯಾನಿಂಗ್ ಚಿತ್ರವನ್ನು ಬೆಳಕಿಗೆ ಹಿಡಿದು, ಬಲಗಡೆಯೂ ಸಣ್ಣದೊಂದು ಇದೆ, ಎರಡನ್ನೂ ತೆಗೆಯಬೇಕು, ಅಂಡಾಶಯಗಳು ಉಳಿಯುತ್ತವೋ ಇಲ್ಲವೋ ಹೊಟ್ಟೆ ತೆರೆದ ಮೇಲೆಯೇ ಗೊತ್ತಾಗುತ್ತದೆ ಎಂದರು. ಅವರು ಅದನ್ನೆಲ್ಲ ಹೇಳಿದ್ದು ಅವ್ವನಿಗೆ. ನಾನು ಪಕ್ಕದ ಸ್ಟೂಲಿನ ಮೇಲೆ, ಯಾರದೋ ಹೊಟ್ಟೆಯನ್ನು ಅಲ್ಲಿಗೆ ಹೊತ್ತು ತಂದವಳಂತೆ ಕುಳಿತಿದ್ದೆ.

ಬನಹಟ್ಟಿಗೆ ಮರಳುವ ಬಸ್ಸಿನಲ್ಲಿ ಅವ್ವ ನನ್ನ ಕಾಯಿಲೆಯನ್ನೇ ಬದಲಿಸಿದಳು.

"ಯಾರರ ಕೇಳಿದ್ರ ಅಪೆಂಡಿಕ್ಸ್ ಅನ್ನು."

ನಮ್ಮ ಓಣಿಯಲ್ಲಿ ಅಪೆಂಡಿಕ್ಸ್ ಮರ್ಯಾದಸ್ಥ ರೋಗ. ಗಂಡಸರಿಗೂ ಬರುತ್ತದೆ, ತೆಗೆದರೆ ಯಾರ ವಂಶವೂ ಅಳಿಯುವುದಿಲ್ಲ. ಆದರೆ ಅವ್ವ ಓಣಿಗಿಂತ ಹೆಚ್ಚು ಹೆದರಿದ್ದು ಮಹಾಲಿಂಗಪುರದಲ್ಲಿದ್ದ ನನ್ನ ಸೋದರತ್ತೆಗೆ. ಅಪ್ಪನ ತಂಗಿಯಾದ ಈಕೆ ನಾನು ತೊಟ್ಟಿಲಲ್ಲಿದ್ದಾಗಲೇ ನನ್ನನ್ನು ತನ್ನ ಮಗನಿಗೆ ಕೇಳಿಟ್ಟಿದ್ದಳು. ಪ್ರತಿ ನಾಗರಪಂಚಮಿಗೆ ತವರಿಗೆ ಬಂದು, ನನಗೊಂದು ಕುಬಸದ ಖಣ ಕೊಟ್ಟು, ಕಾಯ್ದಿರಿಸಿದ ಮಾಲು ಕೆಟ್ಟಿಲ್ಲವೆಂದು ನೋಡಿಕೊಂಡು ಹೋಗುತ್ತಿದ್ದಳು.

ಸುದ್ದಿ ಹಬ್ಬಿತು. ನೋಡಲು ಬಂದವರೆಲ್ಲ ತಂತಮ್ಮ ಅಪೆಂಡಿಕ್ಸಿನ ಕಥೆ ಹೇಳಿದರು. ಎದುರು ಮನೆಯ ಕಾಕಾ ಅಂಗಿ ಎತ್ತಿ ತಮ್ಮ ಬಲಗಡೆಯ ಹೊಲಿಗೆಯ ಗುರುತು ತೋರಿಸಿದರು. ನಾನು ಎಡಗಡೆ ಹಿಡಿದುಕೊಂಡು ನರಳಿದಾಗಲೆಲ್ಲ ಅವ್ವ ನನ್ನ ಕೈಯನ್ನು ಮೆಲ್ಲಗೆ ಬಲಕ್ಕೆ ಸರಿಸುತ್ತಿದ್ದಳು.

ಆಪರೇಷನ್ ಮುಗಿಸಿದ ಡಾಕ್ಟರು ಅವ್ವನಿಗೆ ಏನೂ ಹೇಳದೆ ಬೇರೆ ಕೇಸಿಗೆ ಹೊರಟುಹೋಗಿದ್ದರು. ಸಂಜೆ ಅವರು ವಾರ್ಡಿಗೆ ಬರುವ ಹೊತ್ತಿಗೆ ಅತ್ತೆ ನನ್ನ ಕಾಲುದೆಸೆಯಲ್ಲಿ ಬಂದು ಕುಳಿತಾಗಿತ್ತು. ಅವ್ವ ಕಣ್ಣಲ್ಲೇ ಬೇಡಿಕೊಂಡದ್ದು ಡಾಕ್ಟರಿಗೆ ಕಾಣಲಿಲ್ಲ.

"ಗಂಟು ತಗದೀವ್ರಿ, ಅವ್ವಾರ. ಎರಡೂ ಉಳದಾವ. ಚಿಂತಿ ಬಿಡ್ರಿ."

ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು. ಅತ್ತೆ ಒಮ್ಮೆ ಅವಳನ್ನು, ಒಮ್ಮೆ ಡಾಕ್ಟರನ್ನು ನೋಡಿದಳು.

"ಅಪೆಂಡಿಕ್ಸ್ ಎರಡ ಇರ್ತಾವೇನ್ರಿ?"

ನನಗೆ ನಗು ಬಂತು. ಹೊಲಿಗೆ ಹಾಕಿದಲ್ಲಿ ಜಗ್ಗಿದಂತಾಗಿ ನಿಲ್ಲಿಸಿದೆ. ಅತ್ತೆ ದಡ್ಡಳೇನಲ್ಲ. ಡಾಕ್ಟರ ಕಡೆಗೇ ತಿರುಗಿ ಕೇಳಿದಳು.

"ಹಂಗಾರ ಮುಂದ ಮಕ್ಕಳಾಗ್ತಾವಲ್ರಿ?"

ಆಗದಿರಲು ಕಾರಣ ಕಾಣುವುದಿಲ್ಲ ಎಂದರು ಡಾಕ್ಟರು. ಸುಳ್ಳು ಹೇಳಿದ್ದಕ್ಕೆ ದೊಡ್ಡ ಜಗಳವಾಗುತ್ತದೆಂದು ನಾನು ಕಾದೆ. ಆಗಲಿಲ್ಲ. ಅತ್ತಿಗೆ ನಾದಿನಿ ಕೈ ಕೈ ಹಿಡಿದುಕೊಂಡು ಕಣ್ಣೊರೆಸಿಕೊಂಡರು, ಹಡೆಯುವವರು ತಾವೇ ಎಂಬಂತೆ. ಆಮೇಲೆ ಚಹಾ ಕುಡಿಯಲು ಹೊರಗೆ ಹೋದರು.

ಅವರನ್ನು ಆಡಿಕೊಳ್ಳುವುದು ನನಗೆ ಈಗಲೂ ಸುಲಭ. ಆದರೆ ಸ್ಕ್ಯಾನಿಂಗ್ ಮಾಡಿಸಿದ ದಿನದಿಂದ ಅದೇ ಪ್ರಶ್ನೆ ನನ್ನ ಗಂಟಲಲ್ಲೂ ಇತ್ತು. ಅತ್ತೆಯ ಮಗನಿಗೋಸ್ಕರ ಅಲ್ಲ, ನನಗೋಸ್ಕರ. ಡಾಕ್ಟರು ಆಗಲೇ ಬಾಗಿಲ ಹತ್ತಿರ ಹೋಗಿದ್ದರು.

"ಡಾಕ್ಟರ್ರ, ನನಗೂ ಒಮ್ಮೆ ಹೇಳ್ರಿ" ಎಂದೆ.

ಅವರು ತಿರುಗಿ ಬಂದು ಮಂಚದ ಅಂಚಿಗೆ ಕುಳಿತರು. ಈ ಸಲ ನನ್ನ ಮುಖ ನೋಡುತ್ತ ಮೊದಲಿನಿಂದ ಹೇಳತೊಡಗಿದರು.