ಗಾರ್ಡ್ ಸಾಹೇಬರ ಚೆಂಡು

ಜೂನ್ ಮೊದಲ ವಾರ ನಮ್ಮ ಗಾಲ್ಫ್ ಮೈದಾನ ಮುಚ್ಚುತ್ತದೆ. ಧಾರವಾಡದ ಮಳೆ ಒಮ್ಮೆ ಹಿಡಿಯಿತೆಂದರೆ ಆ ನೆಲದಲ್ಲಿ ಬೂಟು ಅಲ್ಲೇ ಉಳಿದು ಕಾಲಷ್ಟೇ ಮೇಲೆ ಬರುತ್ತದೆ. ಮುಚ್ಚುವ ಮುಂಚಿನ ಭಾನುವಾರ ಆಟ ಮುಗಿಸಿ ನಾವು ನಾಲ್ವರು ಕಟ್ಟೆಯ ಮೇಲೆ ಕೂತು ಗಿರಮಿಟ್ಟು, ಮಿರ್ಚಿ ತಿನ್ನುತ್ತ, ಆ ವರ್ಷದ ಆಟದಲ್ಲಿ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಯಾವುದು ಎಂದು ಒಬ್ಬೊಬ್ಬರಾಗಿ ಹೇಳಬೇಕು. ಒಬ್ಬರಿಗೆ ಒಂದೇ. ಇದು ಸಾವಕಾರರು ಹಾಕಿದ ಕಟ್ಟಳೆ.

ಸಾವಕಾರರ ಮನೆ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ. ಹತ್ತಿ ವ್ಯಾಪಾರ. ಹಣೆಯ ಮೇಲಿನ ವಿಭೂತಿ ಬೆವರಿಗೆ ಅಳಿಸಿ ಹೋಗುವವರೆಗೂ ಆಡುತ್ತಾರೆ, ಆಡುವಾಗ ಒಂದೇ ಸಮ ಮಾತಾಡುತ್ತಾರೆ. ಎರಡನೆಯವರು ಡಾಕ್ಟರು, ಧಾರವಾಡದಲ್ಲಿ ಹಲ್ಲಿನ ದವಾಖಾನೆ ಇಟ್ಟವರು. ಮಾತು ಕಡಿಮೆ, ಹೊಡೆಯುವ ಮುಂಚೆ ಏನೋ ಒಂದು ರಾಗ ಗುನುಗುತ್ತಾರೆ. ಮೂರನೆಯವರು ಗಾರ್ಡ್ ಸಾಹೇಬರು. ಹುಬ್ಬಳ್ಳಿಯವರು. ಕೆಲಸದಲ್ಲಿದ್ದಷ್ಟು ಕಾಲ ಗೂಡ್ಸ್ ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ನಿಂತು ಕೆಂಪು ಹಸಿರು ಬಾವುಟ ಹಿಡಿದವರು. ಈಗ ಅರವತ್ತಾರು ವರ್ಷ. ನಮ್ಮೆಲ್ಲರಲ್ಲಿ ಛಲೋ ಆಡುವವರು ಅವರೇ. ನಾಲ್ಕನೆಯವಳು ನಾನು, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಮೂವರೂ ನನ್ನನ್ನು ಶಾಲೆಯ ಮಕ್ಕಳಂತೆ ಅಕ್ಕೋರ ಎಂದೇ ಕರೆಯುತ್ತಾರೆ.

ಗಾಲ್ಫ್ ಅಂದಾಕ್ಷಣ ಟೀವಿಯಲ್ಲಿ ಕಾಣುವ ಹಸಿರು ಹಾಸಿಗೆ ನೆನೆಸಿಕೊಳ್ಳಬಾರದು. ನಮ್ಮದು ಧಾರವಾಡದಿಂದ ಮುಗದ ಎಂಬ ಊರಿನ ಕಡೆಗೆ ಹೋಗುವ ರಸ್ತೆಯ ಒಂದು ಬದಿಗೆ, ಜಾಲಿ ಗಿಡ, ಬೆಣಚುಕಲ್ಲು, ಒಣ ಹುಲ್ಲು ಇರುವ ಒಂಬತ್ತು ಕುಳಿಯ ಮೈದಾನ. ಕುಳಿಯ ಸುತ್ತ ಹುಲ್ಲು ಬೆಳೆಸುವಷ್ಟು ನೀರಿಲ್ಲ. ಅದಕ್ಕೆ ಮರಳಿಗೆ ಎಣ್ಣೆ ಕಲಸಿ ದುಂಡಗೆ ಹಾಸಿ, ಎಳೆದು ಸಪಾಟು ಮಾಡಿರುತ್ತಾರೆ. ಬೇರೆಯವರಿಗೆ ಅದು ಗ್ರೀನ್, ನಮಗೆ ಬ್ರೌನ್. ಮಧ್ಯಾಹ್ನ ಎಮ್ಮೆಗಳು ಬರುತ್ತವೆ, ಬೆಳಿಗ್ಗೆ ನಾವು.

ನಾನು ಅಲ್ಲಿಗೆ ಹೋದದ್ದು ಸಕ್ಕರೆ ಕಾಯಿಲೆಯ ದೆಸೆಯಿಂದ. ದಿನಾ ನಡೆಯಿರಿ ಅಂದಿದ್ದರು. ಬೇಲಿಯ ಪಕ್ಕ ನಡೆಯುವಾಗ ಆಗಾಗ ಒಂದು ಚೆಂಡು ರಸ್ತೆಗೆ ಬಂದು ಬೀಳುತ್ತಿತ್ತು. ಎತ್ತಿ ಒಳಗೆ ಎಸೆಯುತ್ತಿದ್ದೆ. ಒಂದು ದಿನ ಗಾರ್ಡ್ ಸಾಹೇಬರು ಬೇಲಿಯ ತನಕ ಬಂದರು.

"ಅಕ್ಕೋರ, ದಿನಾ ಚೆಂಡು ಆರಿಸಿ ಕೊಡ್ತೀರಿ. ಒಮ್ಮೆ ಹೊಡದರ ನೋಡ್ರಿ."

ಮೊದಲ ಏಟಿಗೆ ಮಣ್ಣು ಹಾರಿತು, ಚೆಂಡು ಕೂತಲ್ಲೇ ಕೂತಿತ್ತು. ಎರಡನೆಯದಕ್ಕೂ ಹಾಗೇ. ಮೂರನೆಯದು ನಲವತ್ತು ಹೆಜ್ಜೆ ಹೋಯಿತು. ಆ ನಲವತ್ತು ಹೆಜ್ಜೆಗೆ ನಾನು ಸಿಕ್ಕಿಬಿದ್ದೆ. ಕೋಲು ಹಿಡಿದು ಹೊರಟ ನನ್ನನ್ನು ನೋಡಿ ನಮ್ಮ ಅತ್ತೆ, "ದನಾ ಕಾಯಾಕ ಹೊಂಟೀಯೇನವಾ?" ಎಂದು ಕೇಳಿದ್ದರು. ಈಗಲೂ ಕೇಳುತ್ತಾರೆ.

ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ನಾನು, ಗಾರ್ಡ್ ಸಾಹೇಬರು ಇಬ್ಬರೇ ಆಡುತ್ತಿದ್ದೆವು. ಒಂದು ಕಾಲಕ್ಕೆ ಎಲ್ಲರ ಚೆಂಡು ಎಲ್ಲಿ ಬಿತ್ತೆಂದು ಹೇಳುತ್ತಿದ್ದವರು ಅವರೇ. ಮೂರನೇ ಜಾಲಿಯ ಎಡಕ್ಕೆ, ಎರಡು ಮಾರು ಆಚೆ ಅಂದರೆ ಅಲ್ಲೇ ಇರುತ್ತಿತ್ತು. ಆದರೆ ಕೆಲವು ವಾರಗಳಿಂದ ತಮ್ಮ ಚೆಂಡು ಹೊಡೆದ ಮೇಲೆ ಕೂಡ ನನ್ನನ್ನೇ "ಎತ್ತಾಗ ಹೋತ್ರಿ?" ಎಂದು ಕೇಳತೊಡಗಿದ್ದರು. ಸ್ಕೂಟರ್ ಬಿಟ್ಟು ಬಸ್ಸಿನಲ್ಲಿ ಬರತೊಡಗಿದ್ದರು. ಮೊಣಕಾಲು ನೋವು ಅಂದಿದ್ದರು. ನಾನು ನಂಬಿದ್ದೆ.

ಆ ದಿನ ಅವರು ಆರನೇ ಕುಳಿಯ ಹತ್ತಿರ ಕಾಲು ಸರಿಯಾಗಿ ಊರಿ ನಿಂತು ಕೋಲು ಎತ್ತಿದರು. ಅವರ ಮುಂದೆ ಇದ್ದದ್ದು ಬೆಣಚುಕಲ್ಲು. ಚೆಂಡು ಎರಡು ಹೆಜ್ಜೆ ಆಚೆ ಇತ್ತು.

"ಸಾಹೇಬ್ರ, ಅದು ಕಲ್ಲು!"

ಕೋಲು ಇಳಿಸಿದರು. ಬಗ್ಗಿ ಕಲ್ಲನ್ನು ಕೈಯಿಂದ ಮುಟ್ಟಿ ನೋಡಿದರು. ಎತ್ತಿ ಕೈಯಲ್ಲಿ ಹಿಡಿದುಕೊಂಡರು.

"ಯಾವಾಗಿಂದ್ರಿ?" ಅಂದೆ.

"ದೀಪಾವಳಿಗಿಂತ ಮೊದ್ಲಿಂದ. ಎಲ್ಲಾ ಮಬ್ಬು ಮಬ್ಬು. ಎಣ್ಣಿ ಕಾಗದ ಹಿಡಕೊಂಡು ನೋಡಿದಂಗ."

"ಪೊರೆ ಇರಬೇಕು. ತೋರಿಸ್ರಿ. ಈಗ ಅರ್ಧಾ ತಾಸಿನ ಕೆಲಸ ಅದು."

"ನಮ್ಮಪ್ಪನೂ ತೋರಿಸಿದ್ದ. ಆಪರೇಶನ್ ಆತು, ಕಣ್ಣು ಹೋತು. ನಾನ ಕೈ ಹಿಡದು ಮನಿಗೆ ಕರಕೊಂಡು ಬಂದೇನಿ." ಕಲ್ಲನ್ನು ದೂರ ಎಸೆದರು. "ಅಕ್ಕೋರ, ಯಾರಿಗೂ ಹೇಳಬ್ಯಾಡ್ರಿ. ಸರ್ವಿಸ್ ಮುಗಿಯೂ ತನಕ ಕಣ್ಣಿನ ಪರೀಕ್ಷಾದಾಗ ಒಮ್ಮೆನೂ ಫೇಲ್ ಆದಾಂವ ಅಲ್ಲ ನಾ."

ಹೇಳುವುದಿಲ್ಲ ಅಂದೆ. ಅಲ್ಲಿಂದ ಅವರು ಹೊಡೆಯುವುದು, ನಾನು ನೋಡುವುದು ಎಂದಾಯಿತು. "ನೆಟ್ಟಗ ಹೋತ್ರಿ, ಕಡೀಕ ಸ್ವಲ್ಪ ಬಲಕ್ಕ ವಾಲಿತು," ಎಂದು ನಾನು ಮೆಲ್ಲಗೆ ಹೇಳುತ್ತಿದ್ದೆ. ಅವರು ತಮಗೇ ಕಂಡಂತೆ ತಲೆಯಾಡಿಸಿ ಅತ್ತ ನಡೆಯುತ್ತಿದ್ದರು. ಅವರ ಕೈಗೆ ಅಭ್ಯಾಸ ಎಷ್ಟಿತ್ತೆಂದರೆ ಸಾವಕಾರರಿಗಾಗಲಿ ಡಾಕ್ಟರಿಗಾಗಲಿ ಅನುಮಾನವೇ ಬರಲಿಲ್ಲ. ನನಗೂ ಒಳಗೊಳಗೇ ಒಂದು ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ. ಅವರಂಥ ಆಟಗಾರರಿಗೆ ನಾನು ಬೇಕಾಗಿದ್ದೆ.

ಮಾರ್ಚಿನಲ್ಲಿ ನಮ್ಮ ಮೈದಾನದ ಪಂದ್ಯ. ಇಬ್ಬಿಬ್ಬರ ಜೋಡಿ, ಜೋಡಿಗೆ ಒಂದೇ ಚೆಂಡು; ಒಂದು ಏಟು ಒಬ್ಬರು, ಮುಂದಿನದು ಇನ್ನೊಬ್ಬರು. ಕಡಿಮೆ ಏಟಿನಲ್ಲಿ ಮುಗಿಸಿದವರು ಗೆದ್ದಂತೆ. ಗಾರ್ಡ್ ಸಾಹೇಬರು ನನ್ನನ್ನು ಜೋಡಿ ಮಾಡಿಕೊಂಡಾಗ ಎಲ್ಲರಿಗೂ ಆಶ್ಚರ್ಯ. "ಅಕ್ಕೋರ ಪುಣ್ಯಾ ತಗದೈತಿ," ಎಂದು ಸಾವಕಾರರು ನಕ್ಕರು. ಅವರು ಡಾಕ್ಟರ ಜೋಡಿಯಾಗಿದ್ದರು. ಸಾಹೇಬರು ನನ್ನನ್ನು ಆರಿಸಿದ ಕಾರಣ ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ಮೈದಾನ ಎರಡು ಸುತ್ತು ಹಾಕಬೇಕು. ಕೊನೆಯ ಕುಳಿಗೆ ಬರುವಾಗ ಉಳಿದ ಜೋಡಿಗಳೆಲ್ಲ ಹಿಂದೆ ಬಿದ್ದಿದ್ದವು. ನಾವು ಮತ್ತು ಸಾವಕಾರ-ಡಾಕ್ಟರ ಜೋಡಿ ಸಮ ಸಮ. ನಾನು ಹೊಡೆದ ಮೊದಲ ಏಟು ಬಲಗಡೆಯ ಒಣ ಹುಲ್ಲಿಗೆ ಹೋಯಿತು. ಚೆಂಡು ಒಂದು ಒಣ ಕಡ್ಡಿಗೆ ಒರಗಿ ನಿಂತಿತ್ತು. ಈಗ ಗಾರ್ಡ್ ಸಾಹೇಬರ ಪಾಳಿ. ಅವರು ಇತ್ತೀಚೆಗೆ ಮಾಡುತ್ತಿದ್ದಂತೆ ಕೋಲಿನ ತುದಿಯಿಂದ ಚೆಂಡಿನ ಹಿಂದಿನ ನೆಲವನ್ನು ತಡವಿ ನೋಡಿದರು. ಕೋಲು ತಾಗಿ ಕಡ್ಡಿ ಬಾಗಿತು. ಚೆಂಡು ಒಂದು ಗೇಣು ಕೆಳಕ್ಕೆ ಉರುಳಿತು.

ಅವರಿಗೆ ಗೊತ್ತಾಗಲಿಲ್ಲ. ಉಳಿದಿಬ್ಬರು ಆ ಕಡೆ ತಮ್ಮ ಚೆಂಡಿನ ಹತ್ತಿರ ಇದ್ದರು. ನೋಡಿದವಳು ನಾನೊಬ್ಬಳೇ. ಆಟಗಾರರ ಕೈಯಿಂದ ಚೆಂಡು ಹಾಗೆ ಸರಿದರೆ ಒಂದು ಏಟು ದಂಡ, ಚೆಂಡನ್ನು ಮೊದಲಿದ್ದಲ್ಲೇ ಇಡಬೇಕು. ನಮ್ಮ ಆಟದಲ್ಲಿ ಅಂಪೈರ್ ಇಲ್ಲ, ತನ್ನ ತಪ್ಪು ತಾನೇ ಹೇಳಬೇಕು. ಅವರು ಕೋಲು ಎತ್ತುತ್ತಿದ್ದರು.

"ಚೆಂಡು ಸರೀತ್ರಿ!" ಎಂದು ಕೂಗಿಬಿಟ್ಟೆ. ಕ್ಲಾಸಿನ ಹಿಂದಿನ ಬೆಂಚಿಗೆ ಮುಟ್ಟಿಸುತ್ತಿದ್ದ ದನಿ ಅದು. ಇಡೀ ಮೈದಾನಕ್ಕೆ ಕೇಳಿತು.

"ನಾ ಮುಟ್ಟೇ ಇಲ್ಲ," ಅಂದರು ಗಾರ್ಡ್ ಸಾಹೇಬರು.

"ಕಡ್ಡಿ ಒತ್ತಿದ್ರಿ. ಒಂದು ಗೇಣು ಉರುಳಿತು."

ಸಾವಕಾರರು ಓಡಿ ಬಂದರು. "ಗಾಳಿಗೆ ಸರದಿರಬೇಕು ಬಿಡ್ರಿ ಅಕ್ಕೋರ. ನಮ್ಮದೇನೂ ತಕರಾರಿಲ್ಲ."

ಗಾಳಿ ಇರಲಿಲ್ಲ. ನಾನು ಹಾಗೇ ಹೇಳಿದೆ.

"ಅಲ್ರಿ, ನನ್ನ ಕಣ್ಣ ಮುಂದ ಉರುಳಿದ್ದು ನನಗ ಕಾಣಂಗಿಲ್ಲೇನು?" ಎಂದು ಗಾರ್ಡ್ ಸಾಹೇಬರು ಸಿಟ್ಟಿನಿಂದ ಅಂದರು. ಅಂದವರೇ ಬಾಯಿ ಮುಚ್ಚಿಕೊಂಡರು. ಅಷ್ಟರಲ್ಲಿ ಡಾಕ್ಟರು ಬಂದು ಅವರ ಮುಖವನ್ನೇ ನೋಡುತ್ತ ನಿಂತಿದ್ದರು. "ಆಟ ಮುಗಿಸೋಣ್ರಿ," ಅಂದರು.

ಒಂದು ಏಟು ದಂಡ ಬರೆದುಕೊಂಡೆವು. ಚೆಂಡನ್ನು ನಾನೇ ಮೊದಲಿದ್ದ ಜಾಗಕ್ಕೆ ಇಟ್ಟೆ. ಅವರು ಹೊಡೆದದ್ದು ಬ್ರೌನಿನ ಅಂಚಿಗೆ ಹೋಗಿ ನಿಂತಿತು. ಅಂಥ ಹುಲ್ಲಿನಿಂದ ನನ್ನ ಜನ್ಮದಲ್ಲಿ ನಾನು ಹಾಗೆ ಹೊಡೆಯಲಾರೆ. ಒಂದೇ ಏಟಿನಿಂದ ಸೋತೆವು. ಗಾರ್ಡ್ ಸಾಹೇಬರು ಚಹಾ ಕುಡಿಯದೆ ಬಸ್ಸಿಗೆ ಹೋದರು.

ಆಮೇಲೆ ಡಾಕ್ಟರು ನನ್ನನ್ನು ಕೇಳಿದರು. ಕೊಟ್ಟ ಮಾತು ಮುರಿದು ಎಲ್ಲ ಹೇಳಿದೆ. ದಂಡದ ವಿಷಯಕ್ಕೆ ಯಾರಾದರೂ ಬೈಯುತ್ತಾರೆ ಅಂದುಕೊಂಡಿದ್ದೆ. ಡಾಕ್ಟರು ಬೈದದ್ದು ಬೇರೆಯದಕ್ಕೆ.

"ಡಿಸೆಂಬರದಿಂದ ನಿಮಗ ಗೊತ್ತದ, ಸುಮ್ಮನ ಕೂತೀರಿ! ಹುಬ್ಬಳ್ಳಿ ರಸ್ತಾ ದಾಟಿ ಬಸ್ ಹತ್ತಲಿಕ್ಕತ್ತಾರ ಅವರು. ಏನರೆ ಆಗಿದ್ರ?"

ಅವರ ಮಾನ ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ಅವರು ರಸ್ತೆ ದಾಟುವುದು ನನ್ನ ತಲೆಗೇ ಬಂದಿರಲಿಲ್ಲ.

ಎರಡು ಭಾನುವಾರ ಕಾದರೂ ಗಾರ್ಡ್ ಸಾಹೇಬರು ಬರಲಿಲ್ಲ. ನಾನು ಫೋನ್ ಮಾಡಿದರೆ ಅವರ ಮನೆಯವರು ಎತ್ತಿದರು. "ಮಾತಾಡಂಗಿಲ್ಲ ಅಂತಾರ್ರಿ ಅಕ್ಕೋರ. ಆದ್ರ ಲಗೂನ ಫೋನ್ ಇಡಬ್ಯಾಡ ಅಂತನೂ ಸನ್ನಿ ಮಾಡಾಕತ್ತಾರ." ನಾವಿಬ್ಬರೂ ಹೆಂಗಸರು ಬಿಸಿಲು, ಹಪ್ಪಳ, ನೀರು ಬಿಡುವ ದಿನ ಎಂದು ಹತ್ತು ನಿಮಿಷ ಮಾತಾಡಿದೆವು. ಪಕ್ಕದಲ್ಲಿ ಅವರು ಕೆಮ್ಮುವುದು ಕೇಳಿಸುತ್ತಿತ್ತು.

ಡಾಕ್ಟರು ಮೂರು ಸಲ ಅವರ ಮನೆಗೆ ಹೋದರು. ಮೂರನೇ ಸಲ ತಮ್ಮ ಕಾರಿನಲ್ಲೇ ಕೂರಿಸಿಕೊಂಡು ಗುರುತಿನ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದರು. ಪೊರೆಯೇ, ಎರಡೂ ಕಣ್ಣಿಗೆ. ಮಾರ್ಚ್ ಕೊನೆಗೆ ಒಂದು ಆಪರೇಶನ್, ಏಪ್ರಿಲ್‌ನಲ್ಲಿ ಇನ್ನೊಂದು. ಎರಡೂ ಸಲ ಸಾವಕಾರರು ಅಂಗಡಿ ಬಿಟ್ಟು ಹೊರಗಿನ ಬೆಂಚಿನ ಮೇಲೆ ಕೂತಿದ್ದರಂತೆ. ನನ್ನನ್ನು ಯಾರೂ ಕರೆಯಲಿಲ್ಲ. ನಾನೂ ಹೋಗಲಿಲ್ಲ.

ಮೇ ಕೊನೆಯಲ್ಲಿ, ಆಡಬಹುದೆಂದು ಕಣ್ಣಿನ ಡಾಕ್ಟರು ಒಪ್ಪಿದ ಮೇಲೆ, ಅವರು ಕರಿ ಕನ್ನಡಕ ಹಾಕಿಕೊಂಡು ಬಂದರು. ನಾನು ಚೀಲದ ಜಿಪ್ಪು ಎಳೆಯುತ್ತ ನಿಂತಿದ್ದೆ. ಅವರು ಹತ್ತಿರ ಬಂದು ಕನ್ನಡಕ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅಕ್ಕೋರ, ನಿಮ್ಮ ತಲಿ ಇಷ್ಟು ಬೆಳ್ಳಗಾಗಿದ್ದು ಯಾವಾಗ್ರಿ?"

ಮಾರ್ಚಿನಿಂದ ಅವರು ನನ್ನ ಜೊತೆ ಆಡಿದ ಮೊದಲ ಮಾತು ಅದು.

ಮುಂದಿನ ಭಾನುವಾರವೇ ಮೈದಾನ ಮುಚ್ಚುವ ಮುಂಚಿನ ಭಾನುವಾರ. ಆಟ ಮುಗಿದು ಕಟ್ಟೆಯ ಮೇಲೆ ಕೂತೆವು. ಪಂದ್ಯ ಗೆದ್ದದ್ದನ್ನೇ ಸಾವಕಾರರು ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಆ ಮಾತೇ ಎತ್ತಲಿಲ್ಲ. ಐದನೇ ಕುಳಿಯಲ್ಲಿ ತಮ್ಮ ಚೆಂಡು ನೀರಿನ ಟಾಕಿಗೆ ಬಡಿದು, ಪುಟಿದು, ಕುಳಿಯಿಂದ ಒಂದು ಮೊಳ ದೂರ ಬಂದು ನಿಂತದ್ದನ್ನು ಎದ್ದು ನಿಂತು ಅಭಿನಯ ಮಾಡಿ ತೋರಿಸಿದರು. "ಟಾಕಿಗೆ ಕೈ ಮುಗದ ಮ್ಯಾಲೆನ ಮುಂದಿಂದು ಹೊಡದೇನಿ," ಅಂದರು. ಡಾಕ್ಟರು ಜನವರಿಯ ಒಂದು ಬೆಳಿಗ್ಗೆ ಯಾರ ಹಲ್ಲು ನೋವಿನ ಫೋನೂ ಬಾರದೆ ಒಂಬತ್ತೂ ಕುಳಿ ಒಬ್ಬರೇ ಆಡಿದ್ದನ್ನು ಹೇಳಿದರು. ಏಟು ಎಷ್ಟಾಯಿತೆಂದು ಲೆಕ್ಕವನ್ನೇ ಇಟ್ಟಿರಲಿಲ್ಲವಂತೆ.

ಗಾರ್ಡ್ ಸಾಹೇಬರ ಸರದಿ ಬಂತು.

"ಹ್ವಾದ ಭಾನುವಾರ ಎರಡನೇ ಕುಳ್ಯಾಗ ಹೊಡದದ್ದು."

"ಅದು ಕಳದ ಹೋತಲ್ರಿ!" ಅಂದರು ಸಾವಕಾರರು. "ನಾ ಮುಳ್ಳಿನ್ಯಾಗ ಕೈ ಹಾಕಿ ಹುಡುಕೇನಿ."

"ಕಳದ ಹೋತು. ಕಳದ ಹೋಗಿದ್ದು ನಾ ನೋಡಿದ್ನಿ," ಅಂದರು ಗಾರ್ಡ್ ಸಾಹೇಬರು. "ಮ್ಯಾಲ ಏರಿತು. ಏರಿ ಒಂದು ಗಳಿಗಿ ಅಲ್ಲೇ ನಿಂತಂಗ ಆತು. ಎಡಕ್ಕ ಹೊಳ್ಳಿತು. ಜಾಲಿ ಗಿಡದ ತುದಿಗೆ ಒಂದು ಕಾಗಿ ಕುಂತಿತ್ತು, ಅದು ಹಾರಿತು. ಚೆಂಡು ಒಳಗ ಬಿತ್ತು. ಕಾಗಿ ತಿರಗಿ ಬಂದು ಕುಂತತು. ಎಲ್ಲಾ ನೋಡಿದ್ನಿ. ಯಾರನ್ನೂ ಕೇಳಲಿಲ್ಲ."



ನನ್ನ ಸರದಿಯಲ್ಲಿ ನಾನು ಫೆಬ್ರವರಿಯ ಒಂದು ಏಟು ಹೇಳಿದೆ. ಏಳನೇ ಕುಳಿಯಲ್ಲಿ ಮೊದಲ ಸಲ ನನ್ನ ಚೆಂಡು ದಾರಿಗೆ ಅಡ್ಡವಿರುವ ಹಳ್ಳ ದಾಟಿತ್ತು. ಅಷ್ಟೇ. ಹೇಳಿ ಮುಗಿಸಿದ ಮೇಲೆ, ಹೇಗೂ ಎಲ್ಲರೂ ಇದ್ದಾರೆಂದು, "ಸಾಹೇಬ್ರ, ನಾನು ಡಿಸೆಂಬರ್‌ನಾಗ ಡಾಕ್ಟರಿಗೆ ಹೇಳಬೇಕಿತ್ತು," ಅಂದೆ.

"ಹೇಳಿದ್ರ ನಿಮ್ಮ ಕೂಡ ಮಾತು ಬಿಡ್ತಿದ್ನಿ."

"ಮಾರ್ಚದಾಗ ಬಿಟ್ಟೇ ಬಿಟ್ರಲ್ರಿ."

ಅವರು ನಕ್ಕರು. ಮಿರ್ಚಿಯ ತಟ್ಟೆಯನ್ನು ನನ್ನ ಕಡೆ ಸರಿಸಿದರು. "ಆವತ್ತು ನೀವು ಹೇಳಿದ್ದು ಖರೇನ ಇತ್ತು. ಆದ್ರ ಅಷ್ಟು ಜೋರ ಒದರೂದು ಬೇಕಿದ್ದಿಲ್ಲ."

"ಸಾಲ್ಯಾಗ ಒದರಿ ಒದರಿ ಬೆಳದ ದನೀರಿ. ಇನ್ನ ಸಣ್ಣ ಆಗಂಗಿಲ್ಲ."

"ಅದಕ್ಕ," ಅಂದರು ಗಾರ್ಡ್ ಸಾಹೇಬರು ಬೆರಳು ಒರೆಸಿಕೊಳ್ಳುತ್ತ, "ಮುಂದಿನ ಪಂದ್ಯಕ್ಕ ನಾ ಡಾಕ್ಟರ ಜೋಡಿ ಆಡಾಂವ. ಅವರು ಮಾತಾಡೂದ ಇಲ್ಲ."

ನನಗೆ ಸ್ವಲ್ಪ ಚುಚ್ಚಿತು. ಸ್ವಲ್ಪ ಅಲ್ಲ, ಮನೆಗೆ ಬಂದು ಅಡುಗೆಗೆ ಇಡುವವರೆಗೂ ಚುಚ್ಚುತ್ತಿತ್ತು. ಸಂಜೆ ಸಾವಕಾರರ ಫೋನ್ ಬಂತು. ನಾವಿಬ್ಬರೂ ಈಗ ಜೋಡಿ ಎಂದೂ, ಮಳೆಗಾಲದಲ್ಲಿ ನಾನು ಹಿತ್ತಲಲ್ಲಿ ಗುರಿಗೆಂದು ಬಕೀಟು ಇಟ್ಟು ಸಣ್ಣ ಏಟು ರೂಢಿ ಮಾಡಬೇಕೆಂದೂ ಅರ್ಧ ತಾಸು ಹೇಳಿದರು. ನಾನು ಹೂಂ ಅಂದೆ. ಹಿತ್ತಲಲ್ಲಿ ಬಕೀಟು ಇಡಲು ಜಾಗವಿಲ್ಲ, ಅತ್ತೆಯ ಮಲ್ಲಿಗೆ ಬಳ್ಳಿ ಇದೆ. ಪಡಸಾಲೆಯಲ್ಲಿ ಜಮಖಾನದ ಮೇಲೆ ರೂಢಿ ಮಾಡುತ್ತಿದ್ದೇನೆ.