ಸವ್ವಿ ಖಲಾಸ್

ಬಲಗೈಯ ಐದೂ ಬೆರಳುಗಳ ತುದಿ ಕೂಡಿಸಿ, ಮೊಗ್ಗಿನಂತೆ ಮೇಲ್ಮುಖವಾಗಿ ಹಿಡಿದು, ಎರಡು ಸಲ ಮೆಲ್ಲಗೆ ಆಡಿಸುವುದು. ಅರಬರ ಕೈಭಾಷೆಯಲ್ಲಿ ಇದಕ್ಕೆ ‘ತಾಳು’ ಎಂದರ್ಥ. ನಮ್ಮ ವ್ಯಾನ್ ಕಾಕನ ಆ ಬೆರಳುಗಳು ಮೊಂಡಾಗಿದ್ದವು. ತೋರುಬೆರಳಿನ ಉಗುರು ಯಾವಾಗಲೋ ವ್ಯಾನಿನ ಬಾಗಿಲಿಗೆ ಸಿಕ್ಕಿ ಕಪ್ಪಾದದ್ದು ಹಾಗೆಯೇ ಉಳಿದುಬಿಟ್ಟಿತ್ತು. ಹಿಂದಿನ ಕಾರಿನವನು ಹಾರ್ನ್ ಹೊಡೆದರೆ ಆ ಕೈ ಕಿಟಕಿಯಿಂದ ಹೊರಗೆ ಬರುತ್ತಿತ್ತು. ಮಕ್ಕಳು ಗಲಾಟೆ ಮಾಡಿದರೆ ಕನ್ನಡಿಯಲ್ಲಿ ಕಾಣಿಸುತ್ತಿತ್ತು. ನಾನು ತಡವಾಯಿತೆಂದು ಗೊಣಗಿದರೆ ನನ್ನ ಮೂಗಿನ ಮುಂದೆಯೇ ಏಳುತ್ತಿತ್ತು.

ಜಿದ್ದಾದ ಇಂಡಿಯನ್ ಶಾಲೆಗೆ ನಮ್ಮ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದವರು ಅವರು. ಊರು ಬಂಟ್ವಾಳದ ಆಚೆ, ಮನೆಮಾತು ಬ್ಯಾರಿ. ನನ್ನದು ಭಟ್ಕಳ, ಮನೆಯಲ್ಲಿ ನವಾಯತಿ. ನಮ್ಮಿಬ್ಬರ ನಡುವೆ ಮಾತಿಗೆ ಇದ್ದದ್ದು ಕನ್ನಡ ಒಂದೇ. ಆದರೆ ಕಾಕನ ಹೆಮ್ಮೆ ಇದ್ದದ್ದು ಕನ್ನಡದಲ್ಲೂ ಅಲ್ಲ, ಬ್ಯಾರಿಯಲ್ಲೂ ಅಲ್ಲ, ಅರಬಿಯಲ್ಲಿ. ಮೂವತ್ತು ವರ್ಷ ಇದೇ ಊರಿನಲ್ಲಿ ಸ್ಟೀರಿಂಗ್ ತಿರುಗಿಸಿ ಕಲಿತ ಅರಬಿ. ಇಲ್ಲಿ ವಾಸಕ್ಕೆ ಬೇಕಾದ ಇಕಾಮಾದ ನವೀಕರಣ ಇರಲಿ, ವೀಸಾ ಕೊಟ್ಟ ಧಣಿ ಕಫೀಲನ ಹತ್ತಿರ ರಜೆ ಕೇಳುವುದಿರಲಿ, ಮನೆ ಮಾಲೀಕನ ಜೊತೆ ನೀರಿನ ಜಗಳ ಇರಲಿ, ನಮ್ಮ ಕಡೆಯವರು ಕರೆಯುವುದು ಕಾಕನನ್ನೇ. “ನಾನಿದ್ದೇನಲ್ಲ, ಎಂತ ಹೆದರಿಕೆ?” ಎನ್ನುತ್ತ ಅವರು ಬರುತ್ತಿದ್ದರು.

ಆ ಅರಬಿಯೋ, ಕೇಳಿದರೆ ನಗು ತಡೆಯುವುದೇ ಕಷ್ಟ. ನಾನು ಭಟ್ಕಳದಲ್ಲಿ ಮದರಸದ ಅಂಗಳದಲ್ಲಿ ವ್ಯಾಕರಣ ಉರುಹೊಡೆದವಳು. ಕಾಕನ ಅರಬಿಗೆ ವ್ಯಾಕರಣದ ಹಂಗೇ ಇರಲಿಲ್ಲ. ಅದರಲ್ಲಿ ಇದ್ದದ್ದು ಒಂದೇ ಕ್ರಿಯಾಪದ, ‘ಸವ್ವಿ’. ಅಂದರೆ ‘ಮಾಡು’. ಯಾರು ಮಾಡಿದ್ದು, ಯಾವಾಗ ಮಾಡಿದ್ದು ಎಲ್ಲದಕ್ಕೂ ಅದೇ. ಫೋನ್ ಮಾಡಿದರೆ ಸವ್ವಿ ಟೆಲಿಫೋನ್. ವ್ಯಾನು ತಾನಾಗಿ ಕೆಟ್ಟು ನಿಂತರೂ ಸವ್ವಿ ಖರಾಬ್. ಮಳೆ ಬಂದರೆ ಸವ್ವಿ ಮಳೆ. ಗಲ್ಫಿನ ಕೂಲಿ ಜನ ಎಲ್ಲರೂ ಸ್ವಲ್ಪ ಹೀಗೆಯೇ ಮಾತಾಡುತ್ತಾರೆ, ಆದರೆ ಕಾಕನಷ್ಟು ಧಾರಾಳವಾಗಿ ಯಾರೂ ಅಲ್ಲ.

ಅದೇ ಅರಬಿಯಿಂದ ನನಗೊಂದು ಉಪಕಾರವಾಗಿದೆ. ನನ್ನ ಮಗ ಹುಟ್ಟುವ ದಿನ ನನ್ನ ಗಂಡ ಕಂಪನಿ ಕೆಲಸದ ಮೇಲೆ ದೂರದ ತಬೂಕಿನಲ್ಲಿದ್ದರು. ಲೆಕ್ಕ ಹಾಕಿದ ದಿನಕ್ಕಿಂತ ಮೊದಲೇ ಮಧ್ಯಾಹ್ನ ನೋವು ಶುರುವಾಯಿತು. ಕಾಕ ಶಾಲೆಯ ವ್ಯಾನಿನಲ್ಲೇ ನನ್ನನ್ನು ಹಾಕಿಕೊಂಡು ಹೋದರು. ಆಸ್ಪತ್ರೆಯ ಗೇಟಿನ ಕಾವಲುಗಾರ, ಶಾಲೆಯ ವ್ಯಾನಿಗೆ ಒಳಗೇನು ಕೆಲಸ ಎಂದು ಅಡ್ಡ ನಿಂತ. ಕಾಕ ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿ ಕೂಗಿದರು: “ಮದಾಮ್ ಸವ್ವಿ ಬೇಬಿ! ಯಲ್ಲಾ! ಯಲ್ಲಾ!” ಕಾವಲುಗಾರ ಒಂದು ಕ್ಷಣ ಕಣ್ಣು ಕಣ್ಣು ಬಿಟ್ಟು, ಆಮೇಲೆ ನಗುತ್ತಲೇ ಓಡಿಹೋಗಿ ಗೇಟು ತೆಗೆದ. ಆ ನೋವಿನಲ್ಲೂ ನನಗೆ ನಗು ಬಂದಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಮಗುವಿನ ಉಸಿರಿಗೆ ಕಷ್ಟವಾಗುತ್ತಿತ್ತು ಎಂದು ಡಾಕ್ಟರಮ್ಮ ನಂತರ ಹೇಳಿದರು.

ಇಷ್ಟು ತಮಾಷೆಯ ಮನುಷ್ಯನ ಬಗ್ಗೆ ನಾನು ಕೊಲೆ ಮೊಕದ್ದಮೆಯ ಸುದ್ದಿ ಬರೆಯಬೇಕಾಗಿದೆ.

ನಮ್ಮ ಕಡೆಯವರೇ ಹೆಚ್ಚಿರುವ ಶರಫಿಯಾ ಪೇಟೆಯ ಹಿಂದಿನ ಬೀದಿಯ ಒಂದು ಗೋದಾಮಿನಲ್ಲಿ ಕುಂದಾಪುರ ಕಡೆಯ ಹುಡುಗನೊಬ್ಬ ಕೆಲಸಕ್ಕಿದ್ದ. ಕನ್ನಡ ಬಿಟ್ಟರೆ ಅವನಿಗೆ ಬೇರೆ ಮಾತು ಸರಿಯಾಗಿ ಬರುತ್ತಿರಲಿಲ್ಲ. ಒಂದು ಶುಕ್ರವಾರ ಜಿಜಾನಿನಿಂದ ಲೋಡು ತಂದ ಲಾರಿ ಚಾಲಕನಿಗೂ ಅವನಿಗೂ ಸರಕು ಇಳಿಸುವ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ಹುಡುಗ ತಳ್ಳಿದ. ಚಾಲಕ ಹಿಂದಕ್ಕೆ ಬಿದ್ದು, ಕಬ್ಬಿಣದ ಮೆಟ್ಟಿಲಿನ ಅಂಚು ತಲೆಗೆ ಬಡಿದು ಅಲ್ಲೇ ಸತ್ತ. ತಳ್ಳಿದ್ದನ್ನು ಹುಡುಗ ಯಾವತ್ತೂ ಇಲ್ಲ ಎನ್ನಲಿಲ್ಲ. ಕೊಲ್ಲಬೇಕೆಂದೇ ತಳ್ಳಿದನೇ ಎಂಬುದೊಂದೇ ಪ್ರಶ್ನೆ. ಹೌದಾದರೆ ಈ ದೇಶದ ಕಾನೂನಿನಲ್ಲಿ ತಲೆಗೆ ತಲೆ. ಕಂಡವರು ಯಾರೂ ಇರಲಿಲ್ಲ.

ಠಾಣೆಯಲ್ಲಿ ಹುಡುಗನ ಮಾತು ಯಾರಿಗೂ ಅರ್ಥವಾಗಲಿಲ್ಲ. ಕನ್ನಡ ಬಲ್ಲ ಭಾಷಾಂತರಕಾರ ಬರಲು ಹೊತ್ತಾಗುತ್ತದೆ ಎಂದರು. ಗೋದಾಮಿನವರ ಜೊತೆ ಹೋಗಿದ್ದ ಕಾಕ ಅಷ್ಟರಲ್ಲಿ ಮುಂದೆ ಬಂದು ಎದೆಗೆ ಕೈ ಮುಟ್ಟಿಸಿ ಹೇಳಿದರಂತೆ, “ಅನಾ ಫೀ.” ನಾನಿದ್ದೇನಲ್ಲ.

ಸುದ್ದಿ ಶರಫಿಯಾದ ತುಂಬ ಹಬ್ಬಿತು. ಜಡ್ಜುಗಳು ಕೂತು ಕೇಳುವ ಮೊದಲೇ ನಮ್ಮವರು ಕೂತು ಮುಗಿಸಿದ್ದರು. ಶುಕ್ರವಾರದ ಚಹದಂಗಡಿ ಒಂದು ಕೋರ್ಟು, ದರ್ಜಿಯ ಕಟ್ಟೆ ಇನ್ನೊಂದು, ನಮ್ಮ ಹೆಂಗಸರ ವಾಟ್ಸಾಪ್ ಗುಂಪು ಎಲ್ಲಕ್ಕಿಂತ ಮೇಲಿನ ಕೋರ್ಟು. “ಮೊದಲಿನಿಂದಲೂ ಸಿಡುಕನಂತೆ” ಎಂದು ಅವನನ್ನು ಕಂಡೇ ಇರದವರು ಬರೆದರು. “ಇಂಥವರಿಂದ ನಮ್ಮೆಲ್ಲರ ಮರ್ಯಾದೆ ಹೋಯಿತು” ಎಂದು ಒಬ್ಬರು, “ಬೇಗ ಮುಗಿಸಿಬಿಡಲಿ” ಎಂದು ಇನ್ನೊಬ್ಬರು, ಅದರ ಕೆಳಗೆ ಕೈಮುಗಿದ ಚಿತ್ರ. ಊರಿನಲ್ಲಿ ಆ ಹುಡುಗನಿಗೆ ತಾಯಿ ಇದ್ದಾಳೆ ಎಂಬುದು ಯಾರ ಬೆರಳಿಗೂ ಬರಲಿಲ್ಲ.

ಒಂದು ದಿನ ಶಾಲೆಯಲ್ಲಿ ಪಾಲಕರ ಸಭೆ. ನಾವು ನಾಲ್ಕೈದು ತಾಯಂದಿರು ಕಾಕನ ವ್ಯಾನಿನಲ್ಲೇ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿದ್ದ ಮಂಗಳೂರಿನ ಒಬ್ಬಾಕೆ ಹೇಳಿದಳು: “ಇನ್ನು ವಿಚಾರಣೆ ಎಂತದ್ದು? ‘ನಾನೇ ಖಲಾಸ್ ಮಾಡಿದೆ’ ಅಂತ ಅವನೇ ಪೊಲೀಸರ ಹತ್ರ ಒಪ್ಪಿಕೊಂಡಿದ್ದಾನಂತೆ.”

ವ್ಯಾನು ರಸ್ತೆ ಬದಿಗೆ ಬಂದು ನಿಂತಿತು. ಕಾಕ ತಿರುಗಿ ನೋಡಲಿಲ್ಲ. ಕನ್ನಡಿಯಲ್ಲೇ ಕೇಳಿದರು.

“ಯಾರು ಹೇಳಿದ್ದು ಖಲಾಸ್ ಅಂತ?”

“ಅವನೇ. ಪೊಲೀಸರು ಬರೆದುಕೊಂಡಿದ್ದಾರಂತಲ್ಲ.”

“ಅವ ಪೊಲೀಸರ ಹತ್ರ ಮಾತಾಡ್ಲೇ ಇಲ್ಲ ಮಾರಾಯ್ತಿ. ಅವ ಹೇಳಿದ್ದು ನನ್ನ ಹತ್ರ.”

ಮತ್ತೆ ಗೇರು ಹಾಕಿದರು. ಸಭೆ ಮುಗಿಸಿ ನಮ್ಮನ್ನು ಮನೆಗೆ ಬಿಟ್ಟರು. ಸಂಜೆ ನನ್ನ ಗಂಡ ಬಂದ ಮೇಲೆ ಕಾಕ ಬಾಗಿಲು ಬಡಿದರು. ಚಹ ಬೇಡವೆಂದರು. ನಮ್ಮ ಮನೆಯಲ್ಲಿ ಕಾಕ ಚಹ ಬೇಡವೆಂದದ್ದು ಅದೇ ಮೊದಲು. ಸೋಫಾದ ತುದಿಯಲ್ಲಿ ಕೂತು ನನ್ನನ್ನು ಕೇಳಿದರು.

“ಮಗಳೇ, ನೀನು ಓದಿ ಕಲಿತವಳು. ಸವ್ವಿ ಅಂದ್ರೆ ಎಂತ?”

ನನಗೆ ತಮಾಷೆ ಅನಿಸಿತು. “ಮಾಡುವುದು, ಕಾಕ. ನಿಮಗೆ ಗೊತ್ತಿಲ್ಲವಾ?”

“ಹುವಾ ಸವ್ವಿ ಖಲಾಸ್. ಹೀಗೆ ಹೇಳಿದ್ರೆ?”

“ಅವನು ಮುಗಿಸಿದ. ಅಂದರೆ, ಅವನೇ ಮುಗಿಸಿದ ಅಂತ.”

“ಮುಗೀತು ಅಂತ ಆಗುದಿಲ್ವಾ? ತನ್ನಷ್ಟಕ್ಕೆ ಮುಗೀತು ಅಂತ?”

“ಇಲ್ಲ, ಕಾಕ.”

ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಒಂದೊಂದಾಗಿ ಹೇಳಿದರು. ಠಾಣೆಯಲ್ಲಿ ‘ಏನಾಯಿತು’ ಎಂದು ಅಧಿಕಾರಿ ಕೇಳಿದ. ಇವರು ಕನ್ನಡದಲ್ಲಿ ಕೇಳಿದರು. ಹುಡುಗ ಗೋಡೆಗೆ ತಲೆ ಒತ್ತಿ ಅಳುತ್ತ, “ಮುಗೀತ್ ಕಾಕಾ, ಎಲ್ಲ ಮುಗೀತ್” ಎಂದ. ಇವರು ತಿರುಗಿ ತಮ್ಮ ಎಂದಿನ ಅರಬಿಯಲ್ಲಿ ಹೇಳಿದರು, ಹುವಾ ಸವ್ವಿ ಖಲಾಸ್. ಅಧಿಕಾರಿ ಅದನ್ನು ಶುದ್ಧ ಅರಬಿಯಲ್ಲಿ ಬರೆದುಕೊಂಡ. ಅರಬಿ ಓದಲು ಬಾರದ ಹುಡುಗ ಕೆಳಗೆ ಸಹಿ ಹಾಕಿದ.

“ಅವ ಅತ್ತದ್ದು ಮಗಳೇ. ಒಪ್ಪಿಕೊಂಡದ್ದಲ್ಲ. ಒಪ್ಪಿಸಿದ್ದು ನಾನು.”

ಮಳೆ ಬಂದರೂ ಸವ್ವಿ ಎನ್ನುತ್ತಿದ್ದ ಬಾಯಿ ಅದು. ಆ ಒಂದು ಮಾತು ಈಗ ಒಬ್ಬ ಹುಡುಗನ ಕೊರಳ ಮೇಲೆ ಕೂತಿತ್ತು. ನನ್ನ ಗಂಡ, ಕೋರ್ಟಿಗೆ ಹೋಗಿ ಹೇಳಬೇಕಾಗುತ್ತದೆ ಎಂದರು. ಆದರೆ ಅಪಾಯವೂ ಉಂಟು, ಸುಳ್ಳು ಭಾಷಾಂತರ ಮಾಡಿದವನೆಂದು ನಿಮ್ಮನ್ನೇ ಹಿಡಿದು ಊರಿಗೆ ಕಳಿಸಿಯಾರು ಎಂದೂ ಹೇಳಿದರು.

ಕಾಕ ಎದ್ದು ಚಪ್ಪಲಿ ಹಾಕಿಕೊಂಡರು. “ನನ್ನನ್ನು ಕಳಿಸಿದ್ರೆ ಊರಿಗೆ ಕಳಿಸ್ತಾರೆ. ಅವನನ್ನು ಎಲ್ಲಿಗೆ ಕಳಿಸ್ತಾರೆ?”

ಹುಡುಗನ ವಕೀಲರ ಮೂಲಕ ಅರ್ಜಿ ಹೋಗಿ, ಕಾಕನನ್ನು ಕರೆಯುವ ಹೊತ್ತಿಗೆ ತಿಂಗಳುಗಳು ಕಳೆದವು. ಆ ತಿಂಗಳುಗಳಲ್ಲಿ ಅವರು ಅರ್ಧಕ್ಕೆ ಅರ್ಧ ಇಳಿದುಹೋದರು. ಸತ್ತ ಚಾಲಕನಿಗಾಗಿಯೂ ದುಆ ಮಾಡುತ್ತಿದ್ದರು. “ಅವನಿಗೂ ಯಾರೋ ಕಾಯ್ತಿದ್ದರಲ್ಲ” ಎನ್ನುತ್ತಿದ್ದರು. ಸಾಕ್ಷಿಯ ದಿನ ನನ್ನ ಗಂಡ ಜೊತೆಗೆ ಹೋಗಿದ್ದರು. ಮೂವರು ನ್ಯಾಯಾಧೀಶರು, ಪಕ್ಕದಲ್ಲಿ ಕೋರ್ಟಿನದೇ ಭಾಷಾಂತರಕಾರ. ಕಾಕ ಅಭ್ಯಾಸಬಲದಿಂದ ಅರಬಿಯಲ್ಲೇ ಬಾಯಿ ತೆರೆದು, ಅರ್ಧಕ್ಕೇ ನಿಲ್ಲಿಸಿ, ಕನ್ನಡದಲ್ಲಿ ಹೇಳಿದರಂತೆ: “ನನಗೆ ಅರಬಿ ಬರುವುದಿಲ್ಲ, ಸ್ವಾಮೀ.”

ನಡುವಿನ ನ್ಯಾಯಾಧೀಶರು ಕೇಳಿದರು, ಈ ದೇಶದಲ್ಲಿ ಎಷ್ಟು ವರ್ಷ? ಮೂವತ್ತು ಎಂದರು. ಮೂವತ್ತು ವರ್ಷ ಮಾತಾಡಿದವನಿಗೆ ಭಾಷೆ ಬರುವುದಿಲ್ಲವೇ?

“ಮಾತಾಡ್ತಿದ್ದೆ. ಬರ್ತಿರಲಿಲ್ಲ.”

ನಮ್ಮವರು ಹಿಂದಿನ ಬೆಂಚುಗಳಲ್ಲಿ ಕೂತಿದ್ದರು. ಇದೇ ಕಾಕನನ್ನು ಕಚೇರಿಯಿಂದ ಕಚೇರಿಗೆ ಎಳೆದುಕೊಂಡು ಹೋಗಿ ಕೆಲಸ ಮಾಡಿಸಿಕೊಂಡವರು. ಅಷ್ಟು ಜನರ ಎದುರು ಅವರು ತಮ್ಮ ಜೀವಮಾನದ ಹೆಮ್ಮೆಯನ್ನು ಕಳಚಿ ಕೆಳಗಿಟ್ಟರು. ಹುಡುಗ ಹೇಳಿದ್ದೇನು, ತಾನು ಹೇಳಿದ್ದೇನು, ಎರಡನ್ನೂ ಅಕ್ಷರ ಬಿಡದೆ ಒಪ್ಪಿಸಿದರು. ಹುಡುಗ ಒಳ್ಳೆಯವನೆಂದಾಗಲೀ ನಿರಪರಾಧಿಯೆಂದಾಗಲೀ ಒಂದು ಮಾತು ಸೇರಿಸಲಿಲ್ಲ. ಸೇರಿಸಿದರೆ ಅದೂ ಸವ್ವಿಯೇ ಆಗುತ್ತದೆ ಎಂದು ದಾರಿಯಲ್ಲಿ ನನ್ನ ಗಂಡನಿಗೆ ಹೇಳಿದರಂತೆ.

ನ್ಯಾಯಾಧೀಶರು ಯೋಚಿಸಿ ಹೇಳುತ್ತೇವೆ ಎಂದು ಮುಂದೂಡಿದರು. ಒಮ್ಮೆಯಲ್ಲ, ಮತ್ತೆ ಮತ್ತೆ. ಆ ಕಾಯುವ ಕಾಲವೇ ನರಕ. ಒಳಗೆ ಮೂವರು ಬಾಯಿ ಮುಚ್ಚಿ ತೂಗುತ್ತಿದ್ದರು, ಹೊರಗೆ ಇಡೀ ಶರಫಿಯಾ ಬಾಯಿ ತೆರೆದು ತೂಗುತ್ತಿತ್ತು. ಮುಂದೂಡಿದರೆಂದರೆ ಬಿಡುತ್ತಾರೆ ಎಂದು ಕೆಲವರು, ಮುಂದೂಡಿದರೆಂದರೆ ಕತ್ತಿಯೇ ಗತಿ ಎಂದು ಕೆಲವರು. ಕಾಕನ ಮೇಲೂ ತೀರ್ಪು ಬಂತು. ಹುಡುಗನ ಕಡೆಯವರು ಹೇಳಿಕೊಟ್ಟದ್ದನ್ನು ಹೇಳಿದ ಎಂದರು. ಇಷ್ಟು ದಿನ ಸುಮ್ಮನಿದ್ದು ಈಗ ಯಾಕೆ ಎಂದರು. ನಮ್ಮ ಗುಂಪಿನಲ್ಲಿ ಒಬ್ಬಾಕೆ, ಕೋರ್ಟು ಹತ್ತಿದವರ ವ್ಯಾನಿನಲ್ಲಿ ಮಕ್ಕಳನ್ನು ಕಳಿಸುವುದು ಸರಿಯಲ್ಲ ಎಂದು ಬರೆದಳು. ಮರುವಾರದಿಂದ ವ್ಯಾನಿನಲ್ಲಿ ಸೀಟುಗಳು ಖಾಲಿಯಾಗತೊಡಗಿದವು. ನನಗೆ ಮೈಯೆಲ್ಲ ಉರಿಯಿತು. ನಾನು ಗುಂಪಿನಲ್ಲಿ ಬರೆದದ್ದನ್ನು ಇಲ್ಲಿ ಬರೆಯುವಂತಿಲ್ಲ. ಕಾಕ ಮಾತ್ರ ಐದು ಬೆರಳು ಕೂಡಿಸಿ ನನ್ನ ಕಡೆ ಆಡಿಸಿದರು. ತಾಳು.

ಕೋರ್ಟಿನಿಂದ ಬಂದ ದಿನದಿಂದ ಅವರು ಅರಬಿಯ ಒಂದು ಶಬ್ದವನ್ನೂ ಆಡಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ಬೆರಳು ತೋರಿಸುತ್ತಿದ್ದರು. ಸಲಾಮು ಕೂಡ ತುಟಿಯೊಳಗೆ. ಯಾರಾದರೂ ಕೆಲಸಕ್ಕೆ ಕರೆದರೆ “ಬೇರೆಯವರನ್ನು ನೋಡಿ, ನನಗೆ ಬರುವುದಿಲ್ಲ” ಎನ್ನುತ್ತಿದ್ದರು. ಅಷ್ಟು ಗದ್ದಲದ ಮನುಷ್ಯ ಹೀಗೆ ಮೌನವಾದದ್ದು ನೋಡುವುದಕ್ಕೇ ಆಗುತ್ತಿರಲಿಲ್ಲ.

ಕೊನೆಗೆ ಎದೆನೋವೆಂದು ಆಸ್ಪತ್ರೆ ಸೇರಿದರು. ನನ್ನ ಮಗ ಹುಟ್ಟಿದ ಆಸ್ಪತ್ರೆಯೇ, ಅದೇ ಗೇಟು. ನಾನೂ ನನ್ನ ಗಂಡನೂ ಹೋದಾಗ ನರ್ಸ್ ಬಂದು ನೋವು ಎಲ್ಲಿದೆ ಎಂದು ಅರಬಿಯಲ್ಲಿ ಕೇಳಿದಳು. ಕಾಕನಿಗೆ ಅರ್ಥವಾಗದ ಮಾತೇನಲ್ಲ ಅದು. ಆದರೂ ನನ್ನ ಕಡೆ ನೋಡಿದರು. “ಎಡಗಡೆ, ಭುಜದವರೆಗೆ. ನೀನು ಹೇಳು ಮಗಳೇ. ಸರಿಯಾಗಿ ಹೇಳು.” ನಾನು ಹೇಳಿದೆ. ಎಲ್ಲಿಯೂ ವ್ಯಾಕರಣ ತಪ್ಪಲಿಲ್ಲ.

ನರ್ಸ್ ಹೋದ ಮೇಲೆ ಕೇಳಿದರು, “ತೀರ್ಪು ಎಂತಾಯ್ತು?”

ಇನ್ನೂ ಬಂದಿರಲಿಲ್ಲ. ಐದು ಬೆರಳು ಕೂಡಿಸಿ ತೋರಿಸಿದೆ. ಅವರು ನಕ್ಕರು. ಆ ತಿಂಗಳುಗಳಲ್ಲಿ ನಾನು ಕಂಡ ಒಂದೇ ನಗು ಅದು. ಮರುದಿನ ಬೆಳಿಗ್ಗೆ ತೀರಿಕೊಂಡರು. ಜಿದ್ದಾದಲ್ಲೇ ಮಣ್ಣು ಮಾಡಿದರು.

ಅವರು ಹೋದ ಮೇಲೆ ತೀರ್ಪು ಬಂತು. ಠಾಣೆಯ ಹೇಳಿಕೆಯನ್ನು ನಂಬುವಂತಿಲ್ಲ, ಬೇಕೆಂದು ಮಾಡಿದ ಕೊಲೆಯಲ್ಲ, ಕೆಲವು ವರ್ಷ ಜೈಲು ಎಂದಾಯಿತು. ಜೀವ ಉಳಿಯಿತು. ನಮ್ಮ ಗುಂಪಿನಲ್ಲಿ ಎಲ್ಲರೂ ‘ನಾನು ಆಗಲೇ ಹೇಳಿದ್ದೆ’ ಎಂದು ಬರೆದರು. ಕೈಮುಗಿದ ಚಿತ್ರ ಮತ್ತೆ ಬಂತು. ನಾನು ಗುಂಪಿನಿಂದ ಹೊರಗೆ ಬಂದೆ.

ಶಿಕ್ಷೆ ಮುಗಿಸಿ ಊರಿಗೆ ಹೊರಡುವ ಮೊದಲು ಹುಡುಗ ನನ್ನ ಗಂಡನಿಗೆ ಫೋನ್ ಮಾಡಿದ. ಕಾಕನ ವಿಷಯ ಕೇಳಿದಾಗ ಅವರು ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟರು. ಕಾಕ ಇಲ್ಲ ಎಂದೆ.

“ಅವತ್ ನಾ ಎಂತ ಹೇಳಿದೆ ಅಂದ್ ನಂಗೇ ನೆನಪಿಲ್ಲೆ ಅಕ್ಕಾ. ಕಾಕನಿಗೆ ನೆನಪಿತ್ತಾ?”

“ನೆನಪಿತ್ತು. ಅಕ್ಷರ ಬಿಡದೆ ನೆನಪಿತ್ತು.”

ಅವನು ಅಳತೊಡಗಿದ. ನಾನೂ ಅತ್ತೆ. ಪಕ್ಕದಲ್ಲಿ ನನ್ನ ಮಗ, ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಲು ಸೋಮಾರಿತನ ಮಾಡುವವನು, ಯಾಕೆ ಅಳುತ್ತೀ ಎಂದು ಕೇಳಿದ. ನಾನು ಅವನ ಮುಖ ನೋಡಿದೆ. ಕಾಕ ಕೋರ್ಟಿನಲ್ಲಿ ನಿಂತು ತನಗೆ ಅರಬಿ ಬರುವುದಿಲ್ಲ ಎಂದರು, ಅದನ್ನು ಮೂವರು ನ್ಯಾಯಾಧೀಶರೂ ಒಪ್ಪಿದರು. ಒಪ್ಪದವಳು ನಾನೊಬ್ಬಳೇ. ಅವತ್ತು ಆ ಗೇಟು ತೆಗೆಸುವಷ್ಟು ಅರಬಿ ಅವರಿಗೆ ಬರುತ್ತಿತ್ತು.