ಗವಾಯಿಗಳಿಗೆ ಅತ್ತೆ ಕೊಟ್ಟ ಎಲೆ-ಅಡಿಕೆ

ಆಲಾಪದ ನಡುವೆ ಗವಾಯಿಗಳು ಕಣ್ಣು ಮುಚ್ಚಿ ಮತ್ತೊಮ್ಮೆ ಕೈ ಚಾಚಿದ್ದೇ ತಡ, ನನ್ನ ಅತ್ತೆ ಅವರ ಅಂಗೈಗೆ ಎಲೆ-ಅಡಿಕೆ ಇಟ್ಟೇಬಿಟ್ಟರು! ಅದು ನಿಜಾಮರ ಕಾಲ. ಆನೆಗೊಂದಿ ಅರಮನೆಯ ಅಂಗಳದಲ್ಲಿ ಸಂಜೆಯ ಕಛೇರಿ. ಬೇವೂರಿನಿಂದ ಬಂದ ನಾವು ಮುಂದಿನ ಸಾಲಿನಲ್ಲೇ ಕೂತಿದ್ದೆವು.

"ಪಾಪ, ಆವಾಗಿಂದ ಕೈ ಚಾಚಿ ಕೇಳಾಕತ್ತಾರ, ಯಾರೂ ಕೊಡವಲ್ರು" ಎಂದರು ಅತ್ತೆ, ಜೋರಾಗಿ.

ಹಾಡು ನಿಂತಿತು. ಅರಮನೆಯವರೆಲ್ಲ ತಿರುಗಿ ನೋಡಿದರು. ಮದುವೆಯಾಗಿ ತಿಂಗಳಷ್ಟೇ ಆಗಿದ್ದ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಗವಾಯಿಗಳು ಎಲೆಯನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

"ಎಲಿ ಭಾಳ ಛಲೋ ಐತಿ ಅವ್ವಾ. ಮತ್ತ ಕೈ ಚಾಚಿದ್ರ ಕೊಡಬ್ಯಾಡ್ರಿ, ರಾಗಾನೂ ನುಂಗಿಬಿಡ್ತೀನಿ!"

ಅಂಗಳವೆಲ್ಲ ನಕ್ಕಿತು, ಅತ್ತೆಯೂ ನಕ್ಕರು. ಆವರೆಗೆ ಅವರೆದುರು ತಲೆಯೆತ್ತದಿದ್ದ ನಾನು ಅವರ ಭುಜಕ್ಕೇ ಒರಗಿ ನಕ್ಕೆ. ಅತ್ತೆಯ ಹೆದರಿಕೆ ನನಗೆ ಅಂದೇ ಹೋಯಿತು.